ರೋಗ ಕಳೆದ ಮೇಲಣ ದುಡಿಮೆ

(ಸಂಘದ ವಾರ್ಷಿಕೋತ್ಸವದಲ್ಲಿ ಕಾಂಗೇಯದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಂದು ಇಂತಹ ವಿಷಯವನ್ನೆತ್ತಿಕೊಂಡು ಮಾತನಾಡುವುದು ಉಚಿತವೇ ಎಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ನಾಡುನುಡಿಗಳ ಮಾತು, ಮಕ್ಕಳ ಹಾಡು, ಬಹುಮಾನ ವಿತರಣೆ, ಇವುಗಳ ನಡುವೆ ಕ್ಯಾನ್ಸರ್ ರೋಗದ ಹೆಸರು ಬಂದರೆ ಕೆಲವರ ಮನಸ್ಸು ಕಹಿಯಾದೀತೆಂಬ ಶಂಕೆ ಅವರಿಗೆ. ನಾನೆಂದೆ: “ಸ್ವಾಮಿ, ಆ ಹೆಸರನ್ನು ತಮ್ಮ ಬಂಧುಬಳಗದಲ್ಲಿ ಕೇಳದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರು? ಮನೆಗಳಲ್ಲಿ ರೋಗದ ಮಾತು ಗುಟ್ಟಾಗಿಯಾದರೂ ನಡೆಯುತ್ತದೆ. ರೋಗ ಕಳೆದ ಮೇಲಿನ ಮಾತು ನಡೆಯುವುದೇ ಇಲ್ಲ.” ಅವರು ಒಪ್ಪಿದರು, ಅರ್ಧ ಗಂಟೆ ಮಾತ್ರವೆಂದು ಎಚ್ಚರಿಕೆಯನ್ನೂ ಇತ್ತರು. ನನ್ನ ನಾಲಗೆ ಈಗ ಮೊದಲಿನಷ್ಟು ಚುರುಕಾಗಿಲ್ಲ. ಮಾತು ತೊದಲಿದಲ್ಲಿ ತಾವು ಕ್ಷಮಿಸಬೇಕು. ಬಾಯಾರುವುದೂ ಹೆಚ್ಚು, ನಡುನಡುವೆ ನೀರು ಕುಡಿಯುತ್ತೇನೆ. ಏಕೆಂಬುದನ್ನು ಮುಂದೆ ಹೇಳುವೆನು.

ಈ ರೋಗಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ಗ್ರೀಕರು ಏಡಿಯ ಹೆಸರಿಟ್ಟರು. ಅದನ್ನನುಸರಿಸಿ ನಮ್ಮ ವೈದ್ಯ ಲೇಖಕರು ಏಡಿಗಂತಿ ಎಂದರು. ಸಂಸ್ಕೃತದಲ್ಲಿ ಅರ್ಬುದ. ಈ ಊರಿನ ತಮಿಳಿನಲ್ಲಿ ಪುಟ್ರುನೋಯ್, ಎಂದರೆ ಹುತ್ತದ ರೋಗ. ನಮ್ಮ ಮನೆಗಳಲ್ಲಿ ಹಿರಿಯರು ಇದಾವುದನ್ನೂ ಬಾಯಿಂದ ಆಡದೆ ‘ಆ ಕಾಯಿಲೆ’ ಎಂದಷ್ಟೇ ಹೇಳುತ್ತಿದ್ದರು. ಆದರೆ ಅದರಿಂದ ಪಾರಾಗಿ ಮತ್ತೆ ದುಡಿಮೆಗೆ ಬಂದವನಿಗೆ ಸರಿಯಾದ ಹೆಸರಿಲ್ಲ. ಪತ್ರಿಕೆಗಳು ‘ಬದುಕುಳಿದವರು’ ಎಂದು ಬರೆಯುತ್ತವೆ. ನನಗೆ ಆ ಪದ ಹಿಡಿಸದು. ಬಸ್ಸು ಮಗುಚಿದಾಗ ಕೆಲವರು ಬದುಕುಳಿಯುತ್ತಾರೆ. ಮರುದಿನ ಅವರ ಸುದ್ದಿಯನ್ನು ಯಾರೂ ಕೇಳುವುದಿಲ್ಲ. ಮರುದಿನದ ಸುದ್ದಿಯೇ ನನ್ನ ಈ ಹೊತ್ತಿನ ವಿಷಯ.

ಒಂದು ಕಾಲದಲ್ಲಿ ಈ ವಿಷಯವೇ ಹುಟ್ಟುತ್ತಿರಲಿಲ್ಲ. ತಂಗಿಯನ್ನು ಇದೇ ರೋಗದಿಂದ ಕಳೆದುಕೊಂಡ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಮದರಾಸಿನ ಅಡಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆದಾಗ ಅಲ್ಲಿದ್ದುದು 12 ಹಾಸಿಗೆಗಳು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದುದು 1973ರಲ್ಲಿ. ಈಗ ಕೊಯಮತ್ತೂರಿನಲ್ಲಿಯೇ ಒಂದಕ್ಕಿಂತ ಹೆಚ್ಚು ಕಡೆ ಪೂರ್ಣ ಚಿಕಿತ್ಸೆ ದೊರೆಯುತ್ತದೆ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಹೊಸದಾಗಿ ರೋಗ ತಗಲುವವರು ಸುಮಾರು 14 ಲಕ್ಷ ಮಂದಿ. ಅವರೆಲ್ಲರೂ ಸಾಯುವುದಿಲ್ಲ. ಬಹುಮಂದಿ ಮನೆಗೆ ಹಿಂದಿರುಗುತ್ತಾರೆ. ನಲವತ್ತು, ನಲವತ್ತೈದರ ವಯಸ್ಸಿನಲ್ಲಿ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ, ಸಾಲವನ್ನು ಹೊತ್ತುಕೊಂಡು ಹಿಂದಿರುಗುತ್ತಾರೆ. ದುಡಿಯದೆ ಅವರಿಗೆ ಗತಿಯಿಲ್ಲ.

ಇನ್ನು ನನ್ನ ಕಥೆ. ಸ್ವಂತದ ಮಾತನ್ನು ವೇದಿಕೆಯ ಮೇಲೆ ಆಡುವುದು ನನಗೆ ರೂಢಿಯಿಲ್ಲ. ಆದರೆ ಇದನ್ನು ಬಿಟ್ಟರೆ ಉಳಿದುದೆಲ್ಲ ಪುಸ್ತಕದ ಮಾತಾದೀತು.

ನಾನು ಈ ಸೀಮೆಯ ಒಂದು ತೆಂಗಿನೆಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಕೆನ್ನೆಯಲ್ಲಿಟ್ಟುಕೊಂಡು ಖಾತೆ ಬರೆಯುವುದು ಇಪ್ಪತ್ತು ವರ್ಷದ ಅಭ್ಯಾಸ. 2011ರಲ್ಲಿ ನಾಲಗೆಯ ಎಡ ಅಂಚಿನಲ್ಲಿ ಹುಣ್ಣಾಯಿತು; ಮಾಗಲಿಲ್ಲ. ಕೊಯಮತ್ತೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ನಾಲಗೆಯ ಒಂದು ಭಾಗವನ್ನೂ ಕತ್ತಿನ ಗಂಟುಗಳನ್ನೂ ತೆಗೆದರು. ಅನಂತರ ಆರು ವಾರಗಳಲ್ಲಿ 30 ಸಲ ವಿಕಿರಣ ಚಿಕಿತ್ಸೆ. ಪಲ್ಲಡದ ಮೇಲೆ ಹೋಗುವ ಬಸ್ಸಿನಲ್ಲಿ ನಾನೂ ನನ್ನ ಮನೆಯವಳೂ ಎಷ್ಟು ಸಲ ಹೋಗಿ ಬಂದೆವೆಂದರೆ, ಒಬ್ಬ ಕಂಡಕ್ಟರು ನಮ್ಮನ್ನು ಕಂಡೊಡನೆ ಮುಂದಿನ ಸೀಟನ್ನು ತೆರವು ಮಾಡಿಸುತ್ತಿದ್ದನು. ಎಂಟು ತಿಂಗಳು ಸಂಬಳವಿಲ್ಲದ ರಜೆ. ಅವಳ ಬಳೆಗಳು ಹೋದುವು. 2012ರಲ್ಲಿ ರೋಗ ಹೋಯಿತೆಂದು ವೈದ್ಯರು ಹೇಳಿದರು. ನಾನು ಮತ್ತೆ ಗಿರಣಿಯ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬಂದು ಕುಳಿತೆ. ಯಜಮಾನರು ನನ್ನ ಸ್ಥಾನವನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ಈ ಉಪಕಾರವನ್ನು ಮೊದಲು ಹೇಳಿಬಿಡಬೇಕು. ಮುಂದೆ ನಡೆದುದಕ್ಕೆ ಅವರನ್ನು ಮಾತ್ರ ದೂರಿದರೆ ನ್ಯಾಯವಾಗುವುದಿಲ್ಲ.

ಮೊದಲಿನ ಒಂದೂವರೆ ವರ್ಷ ಕೆಲಸ ಚೆನ್ನಾಗಿಯೇ ನಡೆಯಿತು. ಎಡಭುಜ ಜೋತುಬಿದ್ದಿತ್ತು, ಮೇಲಿನ ಕಪಾಟಿನ ಖಾತೆಗಳನ್ನು ಹುಡುಗನಿಂದ ತೆಗೆಸಿಕೊಳ್ಳುತ್ತಿದ್ದೆ. ಆಮೇಲೆ ಏನೋ ಒಂದು ಜಡತ್ವ ಮೈಗೇರಿತು. ಕಾಂಗೇಯದ ಚೈತ್ರದ ಬಿಸಿಲಿನಲ್ಲಿಯೂ ನನಗೆ ಚಳಿ. ಮಧ್ಯಾಹ್ನ ಮೂರು ಗಂಟೆಗೆ ಖಾತೆಯ ಮೇಲೆಯೇ ತೂಕಡಿಕೆ. ಒಮ್ಮೆ ಕೊಬ್ಬರಿಯ 86 ಮೂಟೆಗಳನ್ನು 68 ಎಂದು ಬರೆದೆ. ಇನ್ನೊಮ್ಮೆ ಒಂದೇ ರಶೀದಿಯನ್ನು ಎರಡು ಸಲ ಏರಿಸಿದೆ. ಯಜಮಾನರು ಎರಡು ಬಾರಿ ಸಹಿಸಿದರು. ಮೂರನೆಯ ಬಾರಿ ಎಲ್ಲರ ಎದುರಿನಲ್ಲಿ, “ಕಾಯಿಲೆ ಹೋದರೂ ಸೋಮಾರಿತನ ಹೋಗಲಿಲ್ಲವಲ್ಲಯ್ಯ” ಎಂದರು. ಆ ಸಂಜೆಯೇ ನಾನು ರಾಜೀನಾಮೆ ಬರೆದುಕೊಟ್ಟೆ. ಅವರು ಬೇಡವೆನ್ನಲಿಲ್ಲ.

ನನಗೆ ಆಗ ಇದ್ದ ನಂಬಿಕೆ ಒಂದೇ: ರೋಗ ಮರಳಿ ಬಂದಿದೆ. ಇದನ್ನು ಮನೆಯವಳಿಗೆ ಹೇಳಲಿಲ್ಲ. ವೈದ್ಯರ ಬಳಿಗೂ ಹೋಗಲಿಲ್ಲ. ಬಳೆಗಳಿಲ್ಲದ ಅವಳ ಕೈಯನ್ನು ನೋಡಿ, ಮತ್ತೊಮ್ಮೆ ಆ ಬಸ್ಸನ್ನು ಹತ್ತುವುದಕ್ಕಿಂತ ಸುಮ್ಮನಿರುವುದೇ ಲೇಸೆಂದುಕೊಂಡೆ. ನಾಲ್ಕು ತಿಂಗಳು ಹೀಗೆ ಕಳೆದುವು. ಕೊನೆಗೆ ಅವಳೇ, “ಏನ್ರೀ, ನೀವು ಬರದಿದ್ದರೆ ನಿಮ್ಮ ಚೀಟಿ ಹಿಡ್ಕೊಂಡು ನಾನೊಬ್ಬಳೇ ಹೋಗ್ತೀನಿ” ಎಂದು ಹೊರಟು ನಿಂತಳು. ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಕಿರಿಯ ವೈದ್ಯರು ನನ್ನ ಮುಖದ ಊತವನ್ನು ನೋಡಿ, ಕತ್ತನ್ನು ಮುಟ್ಟಿ, ಒಂದು ರಕ್ತಪರೀಕ್ಷೆ ಬರೆದುಕೊಟ್ಟರು. ರೋಗ ಬಂದಿರಲಿಲ್ಲ. ಕತ್ತಿಗೆ ಬಿದ್ದ ವಿಕಿರಣದಿಂದ ಥೈರಾಯ್ಡ್ ಗ್ರಂಥಿ ಸೊರಗಿತ್ತು, ಅಷ್ಟೇ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ. ಎರಡು ಮೂರು ತಿಂಗಳಲ್ಲಿ ನಾನು ಮನುಷ್ಯನಾದೆ. ಇಂದಿಗೂ ಆ ಮಾತ್ರೆಯನ್ನು ನುಂಗುತ್ತೇನೆ. ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ.

ಮಹನೀಯರೇ, ಆ ಮಾತ್ರೆಯಿಲ್ಲದೆ ನಾನು ಇಪ್ಪತ್ತು ವರ್ಷದ ಕೆಲಸವನ್ನು ಕಳೆದುಕೊಂಡೆನು. ಕತ್ತಿಗೆ ವಿಕಿರಣ ಪಡೆದವರಲ್ಲಿ ಐವರಲ್ಲೊಬ್ಬರಿಗಾದರೂ ಮುಂದಿನ ವರ್ಷಗಳಲ್ಲಿ ಇದು ಉಂಟಾಗುತ್ತದೆಂದೂ, ಆದುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯನ್ನು ಮಾಡಿಸಬೇಕೆಂದೂ ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದಿದೆ. ಯಜಮಾನರಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ಅವರ ಕಣ್ಣಿಗೆ ಅದು ಸೋಮಾರಿತನವಾಗಿಯೂ ನನ್ನ ಕಣ್ಣಿಗೆ ಮರಣವಾಗಿಯೂ ಕಂಡಿತು.

ಇಂತಹವನು ನಾನೊಬ್ಬನೇ ಅಲ್ಲವೆಂಬುದನ್ನು ಆಮೇಲೆ ಓದಿ ತಿಳಿದೆ. ಫಿಟ್ಜ್‌ಹ್ಯೂ ಮಲ್ಲನ್ ಎಂಬ ಅಮೆರಿಕದ ವೈದ್ಯರಿಗೆ ಯೌವನದಲ್ಲಿಯೇ ಎದೆಯೊಳಗೆ ಕ್ಯಾನ್ಸರ್ ಆಗಿತ್ತು. ಗುಣವಾದ ಮೇಲಿನ ಬದುಕೂ ಒಂದು ಪ್ರತ್ಯೇಕ ಕಾಲವೆಂದೂ ಅದಕ್ಕೆ ತನ್ನದೇ ಆದ ತೊಂದರೆಗಳುಂಟೆಂದೂ ಅವರು 1985ರಲ್ಲಿ ಒಂದು ಲೇಖನವನ್ನು ಬರೆದರು. ಅಲ್ಲಿಂದ ಈಚೆಗೆ ಈ ವಿಚಾರಕ್ಕೆ ವೈದ್ಯರು ಹೆಚ್ಚು ಗಮನ ಕೊಡತೊಡಗಿದರು. 2009ರಲ್ಲಿ ಡಚ್ ವಿದ್ವಾಂಸರು ಹಲವು ದೇಶಗಳ 36 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಕ್ಯಾನ್ಸರಿನಿಂದ ಪಾರಾದವರಲ್ಲಿ ನೂರಕ್ಕೆ ಸುಮಾರು 34 ಮಂದಿ ಕೆಲಸವಿಲ್ಲದೆ ಇದ್ದರು. ರೋಗವಿಲ್ಲದವರಲ್ಲಿ 15 ಮಂದಿ. ಇದು ಶ್ರೀಮಂತ ದೇಶಗಳ ಮಾತು, ದಾಖಲೆಯಿಟ್ಟು ನೋಡುವವರ ಮಾತು. ನಮ್ಮ ಕಡೆ ಕೊಬ್ಬರಿ ಒಣಗಿಸುವ ಕಳದಲ್ಲಿ ದಿನಗೂಲಿಗೆ ಬರುವ ಹೆಂಗಸು ನಾಳೆಯಿಂದ ಬರದಿದ್ದರೆ ಅದನ್ನು ಬರೆದಿಡುವ ಖಾತೆಯೇ ಇಲ್ಲ. ಖಾತೆ ಬರೆದವನಾದುದರಿಂದ ಹೇಳುತ್ತಿದ್ದೇನೆ.

ಇಲ್ಲಿಯ ಕಸುಬುಗಳನ್ನು ಒಂದೊಂದಾಗಿ ನೆನೆದುಕೊಳ್ಳಿ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಪವರ್ ಟೇಬಲ್ಲಿನ ಮುಂದೆ ಹೊಲಿಯುವ ನಮ್ಮ ಹೆಣ್ಣುಮಕ್ಕಳಿದ್ದಾರೆ. ಸ್ತನದ ಕ್ಯಾನ್ಸರಿಗೆ ಕಂಕುಳಿನ ಗಂಟುಗಳನ್ನು ತೆಗೆದರೆ ಆ ಕೈಯಲ್ಲಿ ನೀರು ತುಂಬಿ ಊದಿಕೊಳ್ಳುವುದುಂಟು. ತಕ್ಷಣವೇ ಆಗಬೇಕೆಂದಿಲ್ಲ, ವರ್ಷಗಳ ಮೇಲೂ ಆದೀತು. ಆ ಕೈಗೆ ಸೂಜಿ ಚುಚ್ಚಿ ಕೀವಾದರೆ ಊತ ಹೆಚ್ಚುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧವನ್ನು ಪಡೆದವರಿಗೆ ಬೆರಳ ತುದಿ ಮರಗಟ್ಟುವುದುಂಟು. ಅಂತಹವಳಿಗೆ ನೂಲು ಪೋಣಿಸುವುದು ಕಷ್ಟ, ಬಟ್ಟೆಯ ಚೆಕ್ಕಿಂಗ್ ಕೆಲಸ ಸುಲಭ. ಕಳದಲ್ಲಿ ಕತ್ತಿ ಹಿಡಿದು ಕಾಯಿ ಒಡೆಯುವವಳ ಬೆರಳು ಮರಗಟ್ಟಿದ್ದರೆ ಅದು ಅಪಾಯ. ವಿಕಿರಣ ತಾಗಿದ ಚರ್ಮಕ್ಕೆ ಬಿಸಿಲು ಬಲು ಬೇಗ ಹತ್ತುತ್ತದೆ. ದಿನವೆಲ್ಲ ಬಿಸಿಲಿನಲ್ಲಿ ಕೊಬ್ಬರಿ ಮಗುಚುವವಳು ಆ ಭಾಗವನ್ನು ಮುಚ್ಚಿಕೊಳ್ಳಬೇಕು. ಮಗ್ಗದಲ್ಲಿ ಕಾಲಿನಿಂದ ಹಲಗೆ ತುಳಿಯುವ ನಮ್ಮ ದೇವಾಂಗ ನೇಕಾರನ ಪಾದ ಮರಗಟ್ಟಿದರೆ ಲಯ ತಪ್ಪುತ್ತದೆ. ಕೆಂಪು ಬಣ್ಣದ ಡಾಕ್ಸೋರುಬಿಸಿನ್ ಔಷಧವನ್ನು ಪಡೆದವರಲ್ಲಿ ಕೆಲವರಿಗೆ ಹತ್ತಾರು ವರ್ಷಗಳ ಮೇಲೆ ಹೃದಯ ದುರ್ಬಲವಾಗುವುದುಂಟು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು ಮೆಟ್ಟಿಲೇರುವಾಗ ಏದುಸಿರು ಬಿಟ್ಟರೆ ವಯಸ್ಸಾಯಿತೆಂದು ತಳ್ಳಿಹಾಕದೆ ಹೃದಯದ ಎಕೋ ಪರೀಕ್ಷೆ ಮಾಡಿಸಬೇಕು. ಹಾರ್ಮೋನಿನ ಮಾತ್ರೆಗಳಲ್ಲಿ ಕೆಲವು ಮೂಳೆಯನ್ನು ತೆಳುಗೊಳಿಸುತ್ತವೆ.

ಇನ್ನು ನನ್ನ ನೀರಿನ ಲೋಟ. ವಿಕಿರಣದಿಂದ ಜೊಲ್ಲಿನ ಗ್ರಂಥಿಗಳು ಒಣಗಿವೆ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ನನ್ನಂಥವರಿಗೆ ಕೆಳದವಡೆಯ ಹಲ್ಲನ್ನು ಸುಮ್ಮನೆ ಕೀಳುವಂತಿಲ್ಲ. ಗಾಯ ಮಾಯದೆ ದವಡೆಯ ಮೂಳೆಯೇ ಸಾಯಬಹುದು. ನಾನೊಮ್ಮೆ ಹಲ್ಲುನೋವೆಂದು ಹೋಗಿ ಕುರ್ಚಿಯ ಮೇಲೆ ಬಾಯ್ದೆರೆದು ಕುಳಿತೂಬಿಟ್ಟಿದ್ದೆ. ಹಲ್ಲಿನ ವೈದ್ಯರು ಕತ್ತಿನ ಗಾಯದ ಗುರುತನ್ನು ಕಂಡು ತಾವಾಗಿಯೇ ಕೇಳಿದರು. ಅವರು ಕೇಳದಿದ್ದರೆ ನಾನು ಹೇಳುತ್ತಿರಲಿಲ್ಲ. ಹಲ್ಲಿಗೂ ಹಳೆಯ ರೋಗಕ್ಕೂ ಏನು ಸಂಬಂಧವೆಂದೇ ನನ್ನ ಎಣಿಕೆ.

ಇಷ್ಟನ್ನೆಲ್ಲ ಕೇಳಿ, ಹಾಗಾದರೆ ಗುಣವಾದವರನ್ನು ಕೆಲಸಕ್ಕೇ ಕಳುಹಿಸದೆ ಮೂಲೆಯಲ್ಲಿ ಕೂರಿಸಿಬಿಡೋಣವೆಂದು ಯಾರಾದರೂ ಎಣಿಸಿದರೆ ನನ್ನ ಮಾತು ವ್ಯರ್ಥವಾಯಿತು. ನಮ್ಮ ಕುಟುಂಬಗಳಲ್ಲಿ ಪ್ರೀತಿಯಿಂದಲೇ ಈ ತಪ್ಪು ನಡೆಯುತ್ತದೆ. ‘ಕೊಡ ಎತ್ತಬೇಡ, ಕೈ ಆಡಿಸಬೇಡ’ ಎಂದು ಸೊಸೆಗೆ ಹೇಳುವ ಅತ್ತೆಯಂದಿರನ್ನು ಕಂಡಿದ್ದೇನೆ. ಅಮೆರಿಕದಲ್ಲಿ ಕೈ ಊದಿಕೊಂಡ 141 ಸ್ತ್ರೀಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿನವರಿಂದ ಒಂದು ವರ್ಷ ಕ್ರಮಕ್ರಮವಾಗಿ, ನಿಧಾನವಾಗಿ ಭಾರ ಎತ್ತಿಸಿದರು. 2009ರಲ್ಲಿ ಫಲ ಪ್ರಕಟವಾಯಿತು: ಭಾರ ಎತ್ತಿದವರ ಕೈ ಇತರರಿಗಿಂತ ಹೆಚ್ಚು ಊದಲಿಲ್ಲ, ಊತ ಕೆರಳುವುದು ಅವರಲ್ಲಿಯೇ ಕಡಿಮೆಯಾಗಿತ್ತು. ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ 889 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ವರ್ಷ ಕ್ರಮಬದ್ಧವಾಗಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ನೂರಕ್ಕೆ 80; ಉಪದೇಶದ ಪುಸ್ತಿಕೆಯನ್ನು ಮಾತ್ರ ಪಡೆದವರಲ್ಲಿ 74. ಮೈಯನ್ನು ಆಡಿಸುವುದೇ ಔಷಧವಾಗಿರುವಲ್ಲಿ ಮೂಲೆಯಲ್ಲಿ ಕೂರಿಸುವುದು ಉಪಕಾರವಾಗದು.

ನಮ್ಮೂರಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಯೂ ಇಲ್ಲ. ಕಾಂಗೇಯದ ಎತ್ತೆಂದರೆ ನಾಡೆಲ್ಲ ಹೆಸರು. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ, ಕಾಯಿಲೆಯಿಂದೆದ್ದ ಎತ್ತನ್ನು ಮೊದಲ ದಿನವೇ ಯಾವ ಒಕ್ಕಲಿಗನೂ ಕಪಿಲೆಗೆ ಹೂಡುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕಟ್ಟಿಯೂ ಹಾಕುತ್ತಿರಲಿಲ್ಲ. ಮೊದಲು ಬರಿಮೈಯಲ್ಲಿ ನಡೆಸುವುದು, ಆಮೇಲೆ ಬರಿಗಾಡಿ, ಆಮೇಲೆ ಅರೆಭಾರ. ನನ್ನ ಈಗಿನ ಯಜಮಾನರು ನನಗೆ ಮಾಡಿದುದೂ ಇದನ್ನೇ. ಕೆಲಸ ಕೇಳಿಕೊಂಡು ಹೋದ ದಿನ ನಾನು ರೋಗದ ಸಂಗತಿಯನ್ನು ಮುಚ್ಚಿಟ್ಟಿದ್ದೆ. ಆರು ತಿಂಗಳು ಮುಚ್ಚಿಟ್ಟೆ. ತಪಾಸಣೆಗೆ ಹೋಗಬೇಕಾದಾಗಲೆಲ್ಲ ದೂರದ ನೆಂಟರಲ್ಲೊಬ್ಬರನ್ನು ಕೊಲ್ಲಬೇಕಾಗುತ್ತಿತ್ತು. ಸಾಯುವ ನೆಂಟರು ಮುಗಿದಾಗ ನಿಜ ಹೇಳಿದೆ. ಅವರು ಕೇಳಿದುದು ಒಂದೇ ಪ್ರಶ್ನೆ: “ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ, ಅದನ್ನು ಹೇಳಿ.” ಭುಜದ ಮಟ್ಟಕ್ಕಿಂತ ಮೇಲಿನದನ್ನು ತೆಗೆಯಲಾರೆ, ಫೋನಿನಲ್ಲಿ ಬಹಳ ಹೊತ್ತು ಮಾತನಾಡಲಾರೆ, ವರ್ಷಕ್ಕೆ ಎರಡು ದಿನ ಆಸ್ಪತ್ರೆಗೆ ಹೋಗಬೇಕು. ಉಳಿದುದೆಲ್ಲ ಆಗುತ್ತದೆ ಎಂದೆ. ಆ ಮಾತಿನ ಮೇಲೆ ಇಂದಿಗೂ ಅಲ್ಲಿಯೇ ಇದ್ದೇನೆ. ಹೇಳಿದವರಿಗೆಲ್ಲ ಇಂತಹ ಉತ್ತರ ದೊರೆಯುತ್ತದೆಂದು ನಾನು ಭರವಸೆ ಕೊಡಲಾರೆ. ಊರಿಗೆಲ್ಲ ಸಾರಬೇಕಾಗಿಲ್ಲ, ಕೆಲಸ ಹಂಚುವವರು ಒಬ್ಬರಿಗಾದರೂ ತಿಳಿದಿರಲಿ ಎಂಬುದು ನನ್ನ ಮತ. ವಿಮೆಯ ಅರ್ಜಿಯಲ್ಲಿ ಮಾತ್ರ ಮರೆಮಾಚಬೇಡಿ, ಮುಂದೆ ಹಣವೇ ಬಾರದೆ ಹೋಗಬಹುದು. ಫ್ರಾನ್ಸಿನಲ್ಲಿ 2016ರಲ್ಲಿ ಒಂದು ಕಾನೂನಾಗಿ, 2022ರಲ್ಲಿ ಸುಧಾರಣೆಗೊಂಡು, ಚಿಕಿತ್ಸೆ ಮುಗಿದು ಐದು ವರ್ಷಗಳಾದವರು ಸಾಲದ ವಿಮೆಗೆ ಹಳೆಯ ರೋಗವನ್ನು ಹೇಳಬೇಕಾಗಿಲ್ಲವೆಂದು ನಿಯಮವಾಗಿದೆ. ನಮ್ಮಲ್ಲಿ ಅಂತಹುದು ಬರಬೇಕು.

ಇರುವ ಅನುಕೂಲಗಳನ್ನಾದರೂ ಬಳಸಿಕೊಳ್ಳೋಣ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವಿಮೆಯಲ್ಲಿ, ಕ್ಯಾನ್ಸರೂ ಸೇರಿದಂತೆ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ವಿಮೆಯಲ್ಲಿದ್ದು ನಿಗದಿಯಾದಷ್ಟು ವಂತಿಗೆ ಸಂದ ಕಾರ್ಮಿಕನಿಗೆ ಸಂಬಳದ ನೂರಕ್ಕೆ 80ರಂತೆ ಎರಡು ವರ್ಷಗಳವರೆಗೆ ಭತ್ಯ ಉಂಟು. ಕಾಯಿಲೆಯ ಭತ್ಯ ಪಡೆಯುತ್ತಿರುವವನನ್ನು ಯಜಮಾನನು ಕೆಲಸದಿಂದ ತೆಗೆಯುವುದಕ್ಕೆ ಆ ಕಾಯಿದೆಯಲ್ಲಿ ನಿರ್ಬಂಧವಿತ್ತು. 2017ರಲ್ಲಿ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ ಎಂದಾಯಿತು. ನಾನು ಕಾಯಿಲೆ ಬಿದ್ದಾಗ 15,000 ಇತ್ತು, ನನ್ನ ಸಂಬಳ ಅದರೊಳಗೇ ಇತ್ತು. ನನ್ನ ಗುರುತಿನ ಚೀಟಿ ಪೆಟ್ಟಿಗೆಯ ತಳದಲ್ಲಿತ್ತು. ಪ್ರತಿ ತಿಂಗಳೂ ಎಲ್ಲರ ಇ.ಎಸ್.ಐ. ಕಡಿತವನ್ನು ಲೆಕ್ಕದಲ್ಲಿ ಬರೆದವನು ನಾನೇ. ಆ ಹಣ ಯಾವುದಕ್ಕೆ ಹೋಗುತ್ತದೆಂದು ಒಮ್ಮೆಯೂ ಕೇಳಲಿಲ್ಲ. ಬಳೆಗಳನ್ನು ಮಾರಿದ ಮನೆಯವಳು ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾಳೆ. ಇದನ್ನು ಅವಳೆದುರಿಗೆ ಹೇಳುವುದು ನನಗೆ ಸುಲಭವಲ್ಲ.

ರೈಲಿನ ರಿಯಾಯಿತಿ ಚಿಕಿತ್ಸೆಗೆ ಮಾತ್ರವಲ್ಲ, ಅನಂತರದ ತಪಾಸಣೆಯ ಪ್ರಯಾಣಕ್ಕೂ ಸಲ್ಲುತ್ತದೆ. ತಿರುಪ್ಪೂರಿನಿಂದ ಬೆಂಗಳೂರಿಗೋ ಮದರಾಸಿಗೋ ಹೋಗುವವರು ಆಸ್ಪತ್ರೆಯ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕ್ಯಾನ್ಸರಿನ ಹೆಸರಿಲ್ಲ. ಆದರೆ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡು ಮಾತು ಕಳೆದುಕೊಂಡವರನ್ನು ಅದು ಗುರುತಿಸುತ್ತದೆ. ಸರಕಾರಿ ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಉಂಟಾದವರನ್ನು ತೆಗೆದುಹಾಕಬಾರದೆಂದೂ ಅದರಲ್ಲಿದೆ. ಅಂತಹ ಧ್ವನಿಪೆಟ್ಟಿಗೆಯಿಲ್ಲದವರಿಗೆ ಬೆಂಗಳೂರಿನ ವೈದ್ಯ ವಿಶಾಲ್ ರಾವ್ ಅವರು ಸುಮಾರು 50 ರೂಪಾಯಿಯ ಒಂದು ಸಾಧನವನ್ನು ರೂಪಿಸಿದರೆಂಬುದನ್ನು ಹತ್ತು ವರ್ಷಗಳ ಹಿಂದೆಯೇ ಪತ್ರಿಕೆಗಳಲ್ಲಿ ತಾವು ಓದಿರಬಹುದು. ಹೊರದೇಶದ ಸಾಧನಕ್ಕೆ ಸಾವಿರಾರು ರೂಪಾಯಿ ಬೇಕಾಗುತ್ತಿತ್ತು.

ನಮ್ಮ ಮನೆಗಳ ಹುಡುಗರಿಗೆ ಶಿವರಾಜಕುಮಾರರ ಉದಾಹರಣೆ ಬಾಯಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿಯಲ್ಲಿ ಅವರ ಮೂತ್ರಕೋಶವನ್ನು ತೆಗೆದು ಕರುಳಿನಿಂದ ಹೊಸದನ್ನು ಮಾಡಿದರು. 2025ರಲ್ಲಿ ಅವರು ಮತ್ತೆ ಚಿತ್ರೀಕರಣಕ್ಕೆ ಬಂದರು. ರೋಗವನ್ನು ಅವರು ಮುಚ್ಚಿಡಲಿಲ್ಲ, ಜನರೆದುರು ತಾವೇ ಹೇಳಿದರು. ಇದು ದೊಡ್ಡ ಕೆಲಸವೆಂದೇ ನಾನು ತಿಳಿದಿದ್ದೇನೆ. ಆದರೆ ಅವರಿಗಾಗಿ ಚಿತ್ರೀಕರಣ ಕಾದಿರುತ್ತದೆ; ಪವರ್ ಟೇಬಲ್ ಯಾರಿಗಾಗಿಯೂ ಕಾಯುವುದಿಲ್ಲ.

ಆದುದರಿಂದ ಸಂಘದ ಮುಂದೆ ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ಚಿಕಿತ್ಸೆ ಮುಗಿದವರಿಗೆ ಆಸ್ಪತ್ರೆಯವರು ಕೊಡುವ ಕಾಗದಗಳು ಇಂಗ್ಲಿಷಿನಲ್ಲಿರುತ್ತವೆ. ಮನೆಯವರು ಓದಲಾರರು, ಕಟ್ಟಿಡುತ್ತಾರೆ. ಅವುಗಳಿಂದ ಒಂದೇ ಒಂದು ಹಾಳೆಯನ್ನು ಕನ್ನಡದಲ್ಲಿ ಮಾಡಿಕೊಳ್ಳಬೇಕು: ಯಾವ ಔಷಧ, ಎಷ್ಟು ಸಲ, ಶರೀರದ ಯಾವ ಭಾಗಕ್ಕೆ ವಿಕಿರಣ, ಯಾವ ವರ್ಷ, ಇನ್ನು ಮುಂದೆ ಯಾವ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ, ಯಾವ ಲಕ್ಷಣ ಕಂಡರೆ ಕಾಯದೆ ಹೋಗಬೇಕು, ಯಾವ ಕೆಲಸ ಸಲ್ಲದು. ಔಷಧದ ಹೆಸರುಗಳನ್ನು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿಯೂ ಇರಿಸಬೇಕು. ಹಲ್ಲಿನ ವೈದ್ಯರಿಗೂ ತೋರಿಸುವುದಕ್ಕಾಗಬೇಕಲ್ಲ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಇಬ್ಬರು ಮೂವರು ಮಕ್ಕಳು ಭಾನುವಾರ ಒಂದು ಗಂಟೆ ಕುಳಿತರೆ ಬರೆದುಕೊಡಬಹುದು. ವೈದ್ಯರೊಬ್ಬರಿಗೆ ತೋರಿಸಿ ತಿದ್ದಿಸಬೇಕು.

ನನ್ನ ಹಾಳೆಯನ್ನು ನಾನು ತಂದಿದ್ದೇನೆ. ಹೆಸರನ್ನು ಖಾಲಿ ಬಿಟ್ಟು ಐವತ್ತು ಪ್ರತಿಗಳನ್ನೂ ಮಾಡಿಸಿದ್ದೇನೆ. ಸಭೆ ಮುಗಿದ ಮೇಲೆ ಹಿಂದಿನ ಬಾಗಿಲ ಬಳಿ, ಕಾಫಿಯ ಮೇಜಿನ ಪಕ್ಕದಲ್ಲಿ ಕುಳಿತಿರುತ್ತೇನೆ. ಎದುರಿಗೆ ಬಂದು ಕೇಳಲು ಸಂಕೋಚಪಡುವವರು ಮೇಜಿನ ಮೇಲಿಂದ ತೆಗೆದುಕೊಂಡು ಹೋಗಬಹುದು. ಯಾರಿಗೆಂದು ನಾನು ಕೇಳುವುದಿಲ್ಲ.